ಎಲ್‌ಎಕ್ಯೂ ಬಂದಿದೆ: ವಿರೋಧ ಪಕ್ಷದ ಶಾಸಕರಿಗೆ ಪ್ರಶ್ನೆ ಬರೆದುಕೊಡುವ ನನ್ನ ಅನುಭವ

ಎಲ್‌ಎಕ್ಯೂ ಅನ್ನುವ ಮೂರಕ್ಷರಕ್ಕೆ ಸರ್ಕಾರಿ ಕಚೇರಿಗಳಲ್ಲಿ ಇರುವ ಬೆಲೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಶಾಸಕರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಗೆ ನೌಕರರು ಇಟ್ಟುಕೊಂಡಿರುವ ಹೆಸರು ಅದು. ವಿಧಾನ ಪರಿಷತ್ತಿನದಾದರೆ ಎಲ್‌ಸಿಕ್ಯೂ. ಊರಿನವರು ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಮೇಜಿನ ಮೇಲೆ ಮಲಗಿರುತ್ತದೆ. ಎಲ್‌ಎಕ್ಯೂ ಬಂತು ಅಂದರೆ ವಿಧಾನಸೌಧದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಪಂಚಾಯಿತಿಯ ಪಿಡಿಒಗೆ ಒಂದೇ ದಿನದಲ್ಲಿ ಫೋನು ಹೋಗುತ್ತದೆ. ಸಂಜೆ ಹೊತ್ತಿಗೆ ಮಾಹಿತಿ ಕಳಿಸಿ ಅನ್ನುವ ವಾಟ್ಸ್ಆ್ಯಪ್ ಸಂದೇಶ, ಅದರ ಹಿಂದೆ ಒಂದು ಎಕ್ಸೆಲ್ ನಮೂನೆ.

ನಾನು ರಾಯಚೂರು ಕಡೆಯವನು. ವಿರೋಧ ಪಕ್ಷದ ಶಾಸಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವರ್ಗಾವಣೆ ಪತ್ರ, ಮದುವೆ-ಗೃಹಪ್ರವೇಶದ ಪಟ್ಟಿ, ಆಸ್ಪತ್ರೆಗೆ ಮಾಡುವ ಫೋನು ಇವೆಲ್ಲ ಬೇರೆಯವರ ಪಾಲು. ನನ್ನ ಪಾಲಿಗೆ ಬಂದಿರುವುದು ಪ್ರಶ್ನೆ. 224 ಜನರ ಸದನದಲ್ಲಿ ಅಧಿಕಾರವಿಲ್ಲದ ಶಾಸಕರಿಗೆ ಅನುದಾನ ಕೊಡಿಸುವ ಶಕ್ತಿ ಕಡಿಮೆ, ಅಧಿಕಾರಿಯನ್ನು ಎತ್ತಂಗಡಿ ಮಾಡಿಸುವ ಶಕ್ತಿ ಇನ್ನೂ ಕಡಿಮೆ. ಆದರೆ ಸಚಿವರನ್ನು ಎದ್ದು ನಿಲ್ಲಿಸಿ ಉತ್ತರ ಕೇಳುವ ಹಕ್ಕು ಆಡಳಿತ ಪಕ್ಷದವರಿಗೆ ಎಷ್ಟಿದೆಯೋ ಅವರಿಗೂ ಅಷ್ಟೇ ಇದೆ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನದಕ್ಕೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಉಪ ಪ್ರಶ್ನೆಗೂ ಅವಕಾಶ ಇರುತ್ತದೆ. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯ ಉತ್ತರ ಮಾತ್ರ. ಎಲ್ಲ ಶಾಸಕರಿಗೂ ಚುಕ್ಕೆಯೇ ಬೇಕು, ಯಾಕಂದರೆ ಟಿವಿಯಲ್ಲಿ ಬರುವುದು ಅದೇ. ನನಗೆ ಚುಕ್ಕೆ ಇಲ್ಲದ್ದರ ಮೇಲೆ ಪ್ರೀತಿ ಜಾಸ್ತಿ. ಮೊದಲು ಚುಕ್ಕೆ ಇಲ್ಲದೆ ಕೇಳಿ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರಿಸಿಕೊಳ್ಳಬೇಕು. ಮುಂದಿನ ಅಧಿವೇಶನದಲ್ಲಿ ಅದೇ ಲೆಕ್ಕ ಹಿಡಿದು ಚುಕ್ಕೆ ಪ್ರಶ್ನೆ ಹಾಕಬೇಕು. ಆಗ ಸಚಿವರ ಮುಂದೆ ಇರುವುದು ನಮ್ಮ ಆರೋಪವಲ್ಲ, ಅವರದೇ ಇಲಾಖೆ ಸಹಿ ಹಾಕಿ ಕಳಿಸಿದ ಕಾಗದ.

ಪ್ರಶ್ನೆಯ ಹಾಳೆ ನೋಡದವರಿಗೆ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಅಂತ ಒಡೆದಿರುತ್ತಾರೆ. ಕಾರ್ಯಕರ್ತರು ಬರೆದುಕೊಂಡು ಬರುವ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

ಅ) ತಾಲ್ಲೂಕಿನ ಹಲವು ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?
ಇ) ಇಲ್ಲದಿದ್ದಲ್ಲಿ, ಕಾರಣಗಳೇನು?

ಇದಕ್ಕೆ ಬರುವ ಉತ್ತರ ನನಗೆ ಬಾಯಿಪಾಠ. ಅ) ಬಂದಿದೆ. ಆ) ದುರಸ್ತಿ ಅಗತ್ಯವಿರುವ ಘಟಕಗಳನ್ನು ಗುರುತಿಸಿ ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುತ್ತಿದೆ. ಇ) ಉದ್ಭವಿಸುವುದಿಲ್ಲ. ಮುಗಿಯಿತು. ಈ ಉತ್ತರ ತಯಾರಿಸಿದವರು ಕುರ್ಚಿಯಿಂದ ಏಳುವ ಅಗತ್ಯವೂ ಬಿದ್ದಿರುವುದಿಲ್ಲ. ಹಾಗಂತ ಅವರನ್ನು ಬೈದು ಏನು ಪ್ರಯೋಜನ? ಪ್ರಶ್ನೆಯೇ ಅವರಿಗೆ ಅಷ್ಟು ಸಲೀಸು ಮಾಡಿಕೊಟ್ಟಿದೆ. ಗಮನಕ್ಕೆ ಬಂದಿದೆಯೇ ಅಂತ ಕೇಳಿದರೆ ಬಂದಿದೆ ಅಂತಾರೆ, ಅಷ್ಟೇ.

ನೀರಿನ ಘಟಕದ ವಿಷಯ ನಮ್ಮ ಕಡೆ ಸಣ್ಣದಲ್ಲ. ರಾಯಚೂರು, ಯಾದಗಿರಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಟ್ಟಿ ಚಿನ್ನದ ಗಣಿಯ ಆಸುಪಾಸಿನ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಕೂಡ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಅದನ್ನು ದಾಟಿದ ಊರಿನಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ವಯಸ್ಸಾದವರಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಅಂಥ ಕಡೆ ಘಟಕ ನಿಂತರೆ ಜನ ವಾಪಸ್ ಅದೇ ಬೋರಿನ ನೀರಿಗೆ ಹೋಗುತ್ತಾರೆ.

ಹಾಗಾಗಿ ನಾವು ಪ್ರಶ್ನೆಯನ್ನು ಬೇರೆ ಥರ ಬರೆದೆವು. ಗಮನಕ್ಕೆ ಬಂದಿದೆಯೇ ಅನ್ನುವುದನ್ನು ಪೂರ್ತಿ ತೆಗೆದುಹಾಕಿದೆವು. ತಾಲ್ಲೂಕಿನಲ್ಲಿ ಸ್ಥಾಪಿಸಿರುವ ಘಟಕಗಳ ಗ್ರಾಮವಾರು ಪಟ್ಟಿ ಕೊಡಿ ಅಂದೆವು. ಪ್ರತಿ ಘಟಕಕ್ಕೂ ಸ್ಥಾಪಿಸಿದ ವರ್ಷ, ಖರ್ಚಾದ ಹಣ, ಆ ಹಣ ಬಜೆಟ್‌ನ ಯಾವ ಲೆಕ್ಕ ಶೀರ್ಷಿಕೆಯದು, ನಿರ್ವಹಣೆಯ ಗುತ್ತಿಗೆ ಯಾರದು, ನೀರು ಸೋಸುವ ಮೆಂಬ್ರೇನ್ ಕೊನೆಯ ಸಲ ಬದಲಾಯಿಸಿದ ದಿನಾಂಕ. ಕೊನೆಗೆ ಒಂದು ಸಣ್ಣ ಕಾಲಂ: ಘಟಕದ ವಿದ್ಯುತ್ ಸಂಪರ್ಕದ ಆರ್‌.ಆರ್. ನಂಬರ್ ಮತ್ತು ಕಳೆದ ಹನ್ನೆರಡು ತಿಂಗಳಲ್ಲಿ ಬಳಸಿದ ಯೂನಿಟ್.

ಕಸುಬು ಇರುವುದು ಆ ಕೊನೆಯ ಕಾಲಮ್ಮಿನಲ್ಲಿ. ಘಟಕ ಚಾಲ್ತಿಯಲ್ಲಿದೆ ಅಂತ ಯಾರು ಬೇಕಾದರೂ ಬರೆಯಬಹುದು. ಆರ್‌ಒ ಮೋಟರು ಕರೆಂಟಿಲ್ಲದೆ ಓಡುವುದಿಲ್ಲ ಅಲ್ವಾ? ಮೀಟರು ಓಡಿಲ್ಲ ಅಂದರೆ ನೀರು ಬಂದಿಲ್ಲ. ಇದನ್ನು ನನಗೆ ಹೇಳಿಕೊಟ್ಟಿದ್ದು ನಿವೃತ್ತ ಲೈನ್‌ಮನ್ ಒಬ್ಬರು, ಚಹಾ ಅಂಗಡಿಯಲ್ಲಿ ಕೂತು. ಇಂಥ ಉಪಾಯಗಳು ನಿಯಮಾವಳಿ ಪುಸ್ತಕದಲ್ಲಿ ಸಿಗುವುದಿಲ್ಲ.

ಪ್ರಶ್ನೆ ಕಳಿಸಿದ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ಉತ್ತರ ಬರುವ ಮೊದಲೇ ನಮ್ಮ ಕೈಯಲ್ಲಿ ಇನ್ನೊಂದು ಪಟ್ಟಿ ಇರಬೇಕು. ಹಾಲಿನ ಸಂಘದವರು, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆಯರು, ಹೀಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. 'ಕೀಲಿ ಹಾಕ್ಯಾರ್ರಿ ಸರ, ಒಳಗ ಮೇವು ಒಟ್ಟ್ಯಾರ' ಅಂದರು ಒಂದು ಊರಿನವರು. ಇನ್ನೊಂದು ಕಡೆ ಘಟಕ ಚೆನ್ನಾಗಿಯೇ ಇತ್ತು, ಬೋರು ಬತ್ತಿತ್ತು. ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆದು ಕಳಿಸಿ ಅಂದೆ. ದಿನಾಂಕ, ಜಾಗ ಎರಡೂ ಅದರಲ್ಲೇ ಬೀಳುತ್ತದೆ. ಹಳೆಯ ಫೋಟೊ ಅಂತ ಯಾರೂ ತಳ್ಳಿಹಾಕಲು ಬರುವುದಿಲ್ಲ.

ಈ ನಡುವೆ ಒಂದು ತಮಾಷೆ ನಡೆಯುತ್ತದೆ, ಪ್ರತಿ ಸಲವೂ. ಎಲ್‌ಎಕ್ಯೂ ತಾಲ್ಲೂಕಿಗೆ ತಲುಪಿದ ವಾರದಲ್ಲೇ ಕೆಲವು ಘಟಕ ಇದ್ದಕ್ಕಿದ್ದಂತೆ ಶುರುವಾಗುತ್ತವೆ. ಜನ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುತ್ತಿದ್ದಾರೆ ಅಂತ ಮತ್ತೆ ಫೋನು ಬರುತ್ತದೆ. ಸದನದಲ್ಲಿ ಹೇಳುವುದಕ್ಕೆ ಒಂದು ಉದಾಹರಣೆ ಕಡಿಮೆಯಾಯಿತು ಅಂತ ಬೇಜಾರು ಮಾಡಿಕೊಳ್ಳುವ ಶಾಸಕರೂ ಇರಬಹುದು. ನಮ್ಮವರು ನಕ್ಕು, 'ಹಂಗಾದ್ರ ಇನ್ನೂ ಎರಡು ಪ್ರಶ್ನಿ ಹಾಕು' ಅಂದರು.

ಇನ್ನೊಂದು ಬಗೆಯ ಫೋನೂ ಬರುತ್ತದೆ. ಗುತ್ತಿಗೆದಾರರ ಕಡೆಯವರು, ಪರಿಚಯದವರ ಪರಿಚಯದವರು. 'ಅಣ್ಣ, ಆ ಪ್ರಶ್ನಿ ವಾಪಸ್ ತಗೊಳ್ಳಾಕ ಸಾಹೇಬ್ರಿಗೆ ಹೇಳ್ರಿ.' ಮುಂದಿನ ವಾಕ್ಯ ಏನಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರಶ್ನೆ ಹಾಕುವುದೇ ವಾಪಸ್ ತೆಗೆದುಕೊಳ್ಳುವುದಕ್ಕೆ ಅನ್ನುವ ಜನ ರಾಜಕೀಯದಲ್ಲಿ ಇಲ್ಲ ಅಂತ ನಾನು ಹೇಳಲಾರೆ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಸಂಸತ್ತು 11 ಸದಸ್ಯರನ್ನು ಉಚ್ಚಾಟಿಸಿತ್ತು, ನೆನಪಿರಬಹುದು. ಅದಕ್ಕೇ ನಮ್ಮ ಕಚೇರಿಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಕಳಿಸಿದ ಪ್ರಶ್ನೆಯ ಪ್ರತಿಯನ್ನು ಅದೇ ದಿನ ಕ್ಷೇತ್ರದ ಪತ್ರಕರ್ತರಿಗೂ ಕೊಟ್ಟುಬಿಡುತ್ತೇವೆ. ಊರಿಗೆಲ್ಲ ಗೊತ್ತಾದ ಪ್ರಶ್ನೆಯನ್ನು ವಾಪಸ್ ತಗೊಳ್ಳಿ ಅಂತ ಕೇಳುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಚುಕ್ಕೆ ಪ್ರಶ್ನೆಯ ಉತ್ತರದ ಪ್ರತಿ ಕೈಗೆ ಸಿಗುವುದು ಹೆಚ್ಚಾಗಿ ಅದು ಸದನಕ್ಕೆ ಬರುವ ದಿನ ಬೆಳಿಗ್ಗೆ. ಮೊದಲ ಪುಟ ನಾನು ಓದುವುದೇ ಇಲ್ಲ. ನೇರವಾಗಿ ಅನುಬಂಧಕ್ಕೆ ಹೋಗುತ್ತೇನೆ. ನಮ್ಮ ನೀರಿನ ಪ್ರಶ್ನೆಯ ಅನುಬಂಧದಲ್ಲಿ ಬಹುತೇಕ ಘಟಕಗಳ ಮುಂದೆ 'ಚಾಲ್ತಿಯಲ್ಲಿದೆ' ಅಂತಲೇ ಇತ್ತು. ಯೂನಿಟ್ ಕಾಲಂ ನೋಡಿದರೆ ಕೆಲವು ಕಡೆ ಸೊನ್ನೆ, ಕೆಲವು ಕಡೆ ಬರೀ ಅಡ್ಡಗೆರೆ. ಅದನ್ನು ತುಂಬಿದ ನೌಕರನಿಗೆ ಆ ಸೊನ್ನೆಯ ಅರ್ಥ ಹೊಳೆದಿರಲಿಲ್ಲ, ಅಥವಾ ಹೊಳೆದೇ ಬರೆದಿದ್ದನೋ ಏನೋ. ಮೆಂಬ್ರೇನ್ ಬದಲಾಯಿಸಿದ ದಿನಾಂಕವಂತೂ ಸಾಲಾಗಿ ಎಲ್ಲ ಊರಿಗೂ ಒಂದೇ. ಒಂದೇ ದಿನ ಅಷ್ಟೂ ಹಳ್ಳಿ ಸುತ್ತಿದ ಆ ಮೆಕ್ಯಾನಿಕ್ಕಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಹಳದಿ ಮಾರ್ಕರ್‌ನಲ್ಲಿ ಆ ಸಾಲುಗಳಿಗೆ ಗುರುತು ಹಾಕಿ, ಉಪ ಪ್ರಶ್ನೆಯನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದುಕೊಟ್ಟೆ. ಅದು ಚಿಕ್ಕದಿರಬೇಕು. ಸಭಾಧ್ಯಕ್ಷರು ಕೊಡುವ ಸಮಯವೇ ಕಡಿಮೆ. ಅದರಲ್ಲಿ ಸ್ವತಂತ್ರ ಬಂದು ಇಷ್ಟು ವರ್ಷವಾದರೂ ಅಂತ ಶುರುಮಾಡಿದರೆ ಪ್ರಶ್ನೆಗೆ ಬರುವ ಮೊದಲೇ 'ಕೇಳಿ, ಪ್ರಶ್ನೆ ಕೇಳಿ' ಅಂತ ಗಂಟೆ ಹೊಡೆಯುತ್ತಾರೆ. ಸಚಿವರು ಎದ್ದು 'ಉತ್ತರ ಒದಗಿಸಲಾಗಿದೆ' ಅಂದರು. ನಮ್ಮವರು ಕೇಳಿದ್ದು ಇಷ್ಟೇ: 'ಸಭಾಧ್ಯಕ್ಷರೇ, ಅನುಬಂಧದಲ್ಲಿ ಈ ಘಟಕ ಚಾಲ್ತಿಯಲ್ಲಿದೆ ಅಂತ ಇದೆ. ವರ್ಷದಲ್ಲಿ ಬಳಸಿದ ಕರೆಂಟು ಸೊನ್ನೆ ಯೂನಿಟ್ ಅಂತಲೂ ಇದೆ. ಎರಡರಲ್ಲಿ ಯಾವುದು ಸತ್ಯ?'

ಸದನದಲ್ಲಿ ನಗು. ಸಚಿವರು ಅಧಿಕಾರಿಗಳ ಗ್ಯಾಲರಿ ಕಡೆ ತಿರುಗಿದರು. ಅಲ್ಲಿಂದ ಚೀಟಿ ಬರುವವರೆಗೆ ಹಿಂದಿನ ಸರ್ಕಾರದ ಕಾಲದಲ್ಲಿ ಏನಾಗಿತ್ತು ಅಂತ ಮಾತಾಡಿದರು. ಇದು ಎಲ್ಲ ಪಕ್ಷದ ಸಚಿವರೂ ಮಾಡುವ ಕೆಲಸ. ನಾಳೆ ನಮ್ಮವರು ಆ ಕಡೆ ಕೂತರೆ ಅವರೂ ಮಾಡುತ್ತಾರೆ. ಕೊನೆಗೆ ಪರಿಶೀಲಿಸುತ್ತೇನೆ ಅಂದರು. ಎಷ್ಟು ದಿನದಲ್ಲಿ ಅಂತ ಎರಡನೇ ಉಪ ಪ್ರಶ್ನೆ. ಒಂದು ತಿಂಗಳಲ್ಲಿ ವರದಿ ತರಿಸುತ್ತೇನೆ ಅಂದರು. ನಮಗೆ ಬೇಕಾಗಿದ್ದು ಆ ಒಂದು ತಿಂಗಳು. ಸಚಿವರು ಸದನದಲ್ಲಿ ಕೊಟ್ಟ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ. ಅದನ್ನು ಹಿಂಬಾಲಿಸುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪರಿಶೀಲಿಸಲಾಗುವುದು ಅಂತ ಬಿಟ್ಟರೆ ಅದಕ್ಕೆ ಕೊನೆಯಿಲ್ಲ, ತಾರೀಖು ಇದ್ದರೆ ಸಮಿತಿಗೂ ಹಿಡಿಯಲು ಏನಾದರೂ ಸಿಗುತ್ತದೆ.

ಎಲ್ಲ ದಿನವೂ ಹೀಗೆ ನಡೆಯುವುದಿಲ್ಲ. ಎಷ್ಟೋ ಸಲ ಪ್ರಶ್ನೋತ್ತರ ಕಲಾಪವೇ ನಡೆಯುವುದಿಲ್ಲ, ಅದಕ್ಕೆ ಕಾರಣ ನಮ್ಮದೇ ಪಕ್ಷ. ಯಾವುದೋ ವಿಷಯಕ್ಕೆ ಎಲ್ಲರೂ ಬಾವಿಗಿಳಿದು ಧರಣಿ ಕೂರುತ್ತಾರೆ. ಗದ್ದಲದ ನಡುವೆ ಆ ದಿನದ ಉತ್ತರಗಳನ್ನೆಲ್ಲ ಮಂಡಿಸಲಾಗಿದೆ ಅಂತ ಮುಗಿಸುತ್ತಾರೆ. ಉಪ ಪ್ರಶ್ನೆ ಹೋಯಿತು. ಸಚಿವರಿಗೆ ಇದಕ್ಕಿಂತ ಒಳ್ಳೆಯ ದಿನ ಬೇರೆ ಇರುವುದಿಲ್ಲ. ಧರಣಿ ತಪ್ಪು ಅಂತ ನಾನು ಹೇಳುವುದಿಲ್ಲ, ಕೆಲವು ವಿಷಯಕ್ಕೆ ಅದೇ ಬೇಕು. ಆದರೆ ವಾರಗಟ್ಟಲೆ ತಯಾರಿ ಮಾಡಿಕೊಂಡ ಪ್ರಶ್ನೆ ಇರುವ ದಿನವೇ ಭಿತ್ತಿಪತ್ರ ಹಿಡಿದು ನಿಲ್ಲುವುದನ್ನು ಮೇಲಿನ ಗ್ಯಾಲರಿಯಿಂದ ನೋಡುವಾಗ ಹೊಟ್ಟೆ ಉರಿಯುತ್ತದೆ. 1952ರಲ್ಲಿ ಗೆದ್ದು ಬಂದ ಶಾಂತವೇರಿ ಗೋಪಾಲಗೌಡರನ್ನು ವಿರೋಧ ಪಕ್ಷದ ದೊಡ್ಡ ಮಾದರಿ ಅಂತ ಎಲ್ಲ ಪಕ್ಷದವರೂ ಹೊಗಳುತ್ತಾರೆ. ಅವರು ಸದನದಲ್ಲಿ ಎಷ್ಟು ಮಾತಾಡಿದರು ಅನ್ನುವುದನ್ನು ಮಾತ್ರ ಯಾರೂ ಓದಿ ನೋಡುವುದಿಲ್ಲ.

ಪ್ರಶ್ನೆ ಬಿಟ್ಟು ಬೇರೆ ದಾರಿಗಳೂ ಇವೆ. ಉಳಿದ ಕಲಾಪ ಬದಿಗಿಟ್ಟು ಈ ವಿಷಯ ಚರ್ಚಿಸಿ ಅಂತ ನಿಯಮ 60ರಲ್ಲಿ ನಿಲುವಳಿ ಸೂಚನೆ ಕೊಟ್ಟರೆ ಸಭಾಧ್ಯಕ್ಷರು ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಕೊಡುವುದು ವಾಡಿಕೆಯೇ ಆಗಿದೆ. 73ರಲ್ಲಿ ಗಮನ ಸೆಳೆಯಬಹುದು. ಶೂನ್ಯ ವೇಳೆಯಲ್ಲಿ ಕೂಗಾಡಬಹುದು. ಇವೆಲ್ಲ ಪತ್ರಿಕೆಗೆ ಚೆನ್ನ. ಊರವಾರು ಲೆಕ್ಕ ಬೇಕಾದರೆ ಪ್ರಶ್ನೆಯೇ ಸರಿ. ಮಾಹಿತಿ ಹಕ್ಕು ಅರ್ಜಿಯನ್ನೂ ಜೊತೆಗೆ ಹಾಕುತ್ತೇವೆ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನು ಇದೆ, ಮೇಲ್ಮನವಿಗೆ ಹೋದರೆ ಎಷ್ಟೋ ದಿನ. ಆದರೂ ಒಂದು ಲಾಭ ಇದೆ. ಆರ್‌ಟಿಐನಲ್ಲಿ ಒಂದು ಲೆಕ್ಕ, ಸದನದಲ್ಲಿ ಇನ್ನೊಂದು ಲೆಕ್ಕ ಬಂದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರು ಅಂತ ಹಕ್ಕುಚ್ಯುತಿ ಎತ್ತಬಹುದು. ಆ ಶಬ್ದ ಕೇಳಿದರೆ ಅಧಿಕಾರಿಗಳು ಸರಿಯಾದ ಕಾಗದ ಹುಡುಕುತ್ತಾರೆ.

ಅನುದಾನದ ಪ್ರಶ್ನೆಯದು ಬೇರೆಯೇ ನಾಜೂಕು. ವಿರೋಧ ಪಕ್ಷದ ಕ್ಷೇತ್ರಗಳಿಗೆ ಹಣ ಕೊಡುತ್ತಿಲ್ಲ ಅಂತ ಭಾಷಣ ಮಾಡಿದರೆ ತಾರತಮ್ಯ ಇಲ್ಲ ಅಂತ ಒಂದು ಸಾಲಿನ ಉತ್ತರ ಬರುತ್ತದೆ. ನಾವು ರಸ್ತೆಗೆ ಬಿಡುಗಡೆಯಾದ ಹಣದ ಲೆಕ್ಕವನ್ನು ವಿಧಾನಸಭಾ ಕ್ಷೇತ್ರವಾರು ಕೇಳುತ್ತೇವೆ. ಯಾವ ಕ್ಷೇತ್ರ ಯಾರದು ಅಂತ ಓದುಗರಿಗೆ ಗೊತ್ತೇ ಇದೆ. ಅದರ ಪಕ್ಕ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ ನಂಜುಂಡಪ್ಪ ವರದಿ ಇಡುತ್ತೇವೆ. 2002ರ ಆ ವರದಿ 114 ತಾಲ್ಲೂಕು ಹಿಂದುಳಿದಿವೆ ಅಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿರುವ ತಾಲ್ಲೂಕಿಗೆ ಮುಂದುವರಿದ ತಾಲ್ಲೂಕಿಗಿಂತ ಕಡಿಮೆ ಹಣ ಬಂದಿದ್ದರೆ ಯಾವ ಭಾಷಣವೂ ಬೇಕಾಗುವುದಿಲ್ಲ.

ಬೆಳಿಗ್ಗೆ ಹೀಗೆ ಕುಟುಕಿದ ಶಾಸಕರೇ ಸಂಜೆ ಪತ್ರ ಹಿಡಿದು ಅದೇ ಸಚಿವರ ಕೊಠಡಿಗೆ ಹೋಗುತ್ತಾರೆ. ಹೋಗಲೇಬೇಕು. ಶಾಸಕರ ನಿಧಿ ವರ್ಷಕ್ಕೆ ಎರಡು ಕೋಟಿ, ಅದರಲ್ಲಿ ಕ್ಷೇತ್ರ ನಡೆಯುವುದಿಲ್ಲ. ಲೆಕ್ಕ ಹಿಡಿದು ಕೇಳಿದ್ದಕ್ಕೆ ಕೋಪ ಮಾಡಿಕೊಂಡ ಸಚಿವರನ್ನು ನಾನು ಕಂಡದ್ದು ಕಡಿಮೆ. ಹೆಸರು ಹಿಡಿದು ಬೈದಿದ್ದಕ್ಕೆ ಮಾತ್ರ ಫೈಲು ಕೆಳಗೆ ಹೋಗುತ್ತದೆ.

ಈಗ ಮೇಜಿನ ಮೇಲಿರುವ ಕರಡು ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರದು. ಶಾಲೆಯ ಹೆಸರಿನ ಜೊತೆ ಪ್ರತಿ ಶಾಲೆಗೂ ಬೇರೆ ಬೇರೆ ಇರುವ 11 ಅಂಕಿಯ ಯುಡೈಸ್ ಸಂಖ್ಯೆಯನ್ನೂ ಕೇಳಿದ್ದೇವೆ, ಒಂದೇ ಹೆಸರಿನ ಎರಡು ಶಾಲೆ ಸೇರಿಸಿ ಲೆಕ್ಕ ತೋರಿಸಬಾರದು ಅಂತ. ಮಂಜೂರಾದ ಹುದ್ದೆ, ಖಾಲಿ ಹುದ್ದೆ, ಅತಿಥಿ ಶಿಕ್ಷಕರು ಕೆಲಸಕ್ಕೆ ಬಂದ ದಿನಾಂಕ, ಗೌರವಧನ ಕೈಗೆ ಸಿಕ್ಕಿದ ದಿನಾಂಕ. ಕೊನೆಯ ಎರಡು ಕಾಲಮ್ಮಿನ ನಡುವಿನ ಅಂತರವೇ ಉಪ ಪ್ರಶ್ನೆ. ಬೆಳಗಾವಿ ಅಧಿವೇಶನಕ್ಕೆ ಇದನ್ನು ಚುಕ್ಕೆ ಇಲ್ಲದೆ ಹಾಕುತ್ತೇವೆ, ಚುಕ್ಕೆ ಬಜೆಟ್ ಅಧಿವೇಶನಕ್ಕೆ.