ಡಯಾಲಿಸಿಸ್ ಶುರುವಾದ ಮೇಲೆ ಊಟ ಬದಲಿಸುವುದು ಹೇಗೆ?

ಕಿಡ್ನಿ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಬೇಳೆ, ಮೊಟ್ಟೆ, ಮೀನಿಗೆ ಕಡಿವಾಣ ಬೀಳುತ್ತದೆ. ಡಯಾಲಿಸಿಸ್‌ಗೆ ಮುಂಚೆ ಅದಕ್ಕೆ ಅರ್ಥವಿದೆ. ಆದರೆ ಡಯಾಲಿಸಿಸ್ ಶುರುವಾದ ಮೇಲೂ ಅದೇ ಪಥ್ಯ ಹಿಡಿದರೆ ರೋಗಿಯ ತೋಳು, ತೊಡೆ ಬತ್ತುತ್ತಾ ಹೋಗುತ್ತವೆ. ಪ್ರೀತಿಯಿಂದಲೇ ಹಸಿವಿಗೆ ದೂಡಿದಂತಾಗುತ್ತದೆ.

ಮೊದಲು ಪ್ರೋಟೀನ್ ಲೆಕ್ಕ ಹಾಕಿ. ಡಯಾಲಿಸಿಸ್‌ಗೆ ಮುಂಚೆ ಸಾಮಾನ್ಯವಾಗಿ ದೇಹತೂಕದ ಕಿಲೋಗೆ ದಿನಕ್ಕೆ 0.6ರಿಂದ 0.8 ಗ್ರಾಂ ಹೇಳುತ್ತಾರೆ. ಆಮೇಲೆ 1ರಿಂದ 1.2 ಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 36–48 ಗ್ರಾಂ ಇದ್ದದ್ದು 60–72 ಆಗುತ್ತದೆ. ಡಯಾಲಿಸಿಸ್‌ನಲ್ಲಿ ರಕ್ತ ಶುದ್ಧಿಯಾಗುವಾಗ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳೂ ಸೋರಿಹೋಗುವುದೇ ಇದಕ್ಕೆ ಒಂದು ಕಾರಣ. ಮೊಟ್ಟೆಯ ಬಿಳಿಭಾಗ ಒಳ್ಳೆಯ ಆಯ್ಕೆ, ಕೆಟ್ಟ ಕಿಡ್ನಿ ಸರಿಯಾಗಿ ಹೊರಹಾಕಲಾರದ ರಂಜಕ (ಫಾಸ್ಫರಸ್) ಅದರಲ್ಲಿ ತೀರಾ ಕಡಿಮೆ. ಸಸ್ಯಾಹಾರಿಗಳು ಬೇಳೆ, ಮೊಸರು, ಪನೀರ್ ಎಷ್ಟು ತಿನ್ನಬಹುದೆಂದು ರಕ್ತದ ರಿಪೋರ್ಟ್ ಹಿಡಿದು ಆಹಾರತಜ್ಞರಲ್ಲಿ ಕೇಳಿ.

ಮುಂದಿನದು ಪೊಟ್ಯಾಸಿಯಂ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ರಿಪೋರ್ಟಿನಲ್ಲಿ ಅದು ಹೆಚ್ಚಿದ್ದರೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ನಮ್ಮ ಹಳೇ ಮೈಸೂರು ಕಡೆಯ ಅಡುಗೆಮನೆಗೆ ಕಷ್ಟವಾಗುವುದು ಇಲ್ಲೇ. ಬಸ್ಸಾರು ಮಾಡುವುದೇ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ; ಪೊಟ್ಯಾಸಿಯಂ ಇಳಿದಿರುವುದೂ ಅದೇ ಕಟ್ಟಿಗೆ. ಮನೆಯವರೆಲ್ಲ ಸಾರು ಉಣ್ಣಲಿ, ರೋಗಿಗೆ ಬಸಿದ ಪಲ್ಯ ಅಳತೆಯಲ್ಲಿ ಬಡಿಸಿ. ನೋಡಲು ಬಂದವರು ತರುವ ಎಳನೀರನ್ನು ನೀವೇ ಕುಡಿದುಬಿಡಿ. ಕರಾವಳಿಯವರು ಧಾರೆಹುಳಿಯನ್ನು (ಕಮರಾಕ್ಷಿ) ರೋಗಿಗೆ ಕೊಡಲೇಬೇಡಿ, ಅದರಲ್ಲಿರುವ ವಿಷಾಂಶ ಕೆಟ್ಟ ಕಿಡ್ನಿಯಿಂದ ಹೊರಹೋಗದೆ ಮಿದುಳಿಗೆ ಏರುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿಡಿ. ‘ಲೋ ಸೋಡಿಯಂ’ ಉಪ್ಪು ತರಬೇಡಿ: ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತದೆ.

ನೀರಿನ ಲೆಕ್ಕ ಸುಲಭ. ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟಕ್ಕೆ ಸುಮಾರು 500 ಮಿಲಿ ಸೇರಿಸಿ. ಕಾಫಿ, ಮಜ್ಜಿಗೆ, ಗಂಜಿ, ಸಾರು ಎಲ್ಲವೂ ಇದರೊಳಗೇ ಬರಬೇಕು.

ರಂಜಕ ತಡೆಯುವ ಮಾತ್ರೆ ಬರೆದುಕೊಟ್ಟಿದ್ದರೆ ಊಟದ ಜೊತೆಯಲ್ಲೇ ಕೊಡಿ. ಊಟದಲ್ಲಿರುವ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವುದು ಅದರ ಕೆಲಸ, ಖಾಲಿ ಹೊಟ್ಟೆಗೆ ನುಂಗಿದರೆ ಪ್ರಯೋಜನವಿಲ್ಲ.