ಗೋಡೆಯ ಮುಂದೆ ಟ್ರಿಗರ್ ಪಳಗಿಸುವ ಬಗೆ: ಏರ್ ಪಿಸ್ತೂಲಿನ ಡ್ರೈ ಫೈರಿಂಗ್

ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಚಾಚಿದ ಕೈ ಅಲುಗದೆ ಇರಬೇಕೆಂದು ಹೊಸಬರು ಹೆಣಗುತ್ತಾರೆ, ಆದರೆ ಅಂಕಗಳನ್ನು ಹೆಚ್ಚಾಗಿ ಕಳೆಯುವುದು ಆ ಅಲುಗಾಟವಲ್ಲ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಎರಡು ಸೈಟುಗಳ ನಡುವೆ 32 ಸೆಂಟಿಮೀಟರ್ ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಹಿಂದಿನದರ ಸಂದಿಯಿಂದ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಸುಮಾರು ಮೂರು ಸೆಂಟಿಮೀಟರ್ ಆಚೆ, ಅಂದರೆ ಕಪ್ಪು ವೃತ್ತದ ಅಂಚಿಗೆ ಹೋಗಿ ಬೀಳುತ್ತದೆ. ಆ ಒಂದು ಮಿಲಿಮೀಟರನ್ನು ಸರಿಸುವುದು ಸಾಮಾನ್ಯವಾಗಿ ತೋರುಬೆರಳು. ಅದನ್ನು ತಿದ್ದಲು ಪೆಲೆಟ್ ಬೇಕಿಲ್ಲ, ಶೂಟಿಂಗ್ ರೇಂಜೂ ಬೇಕಿಲ್ಲ; ಪೆಲೆಟ್ ತುಂಬದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವ ಡ್ರೈ ಫೈರಿಂಗ್ ಸಾಕು. ಕಲಬುರಗಿಯ ರೇಂಜಿಗೆ ಸೇಡಂ, ಚಿಂಚೋಳಿಯಿಂದ ದಿನವೂ ಬಂದುಹೋಗಲಾಗದ ಮಕ್ಕಳಿಗೆ ಇದಕ್ಕಿಂತ ಉಪಯುಕ್ತ ಅಭ್ಯಾಸ ಇನ್ನೊಂದಿಲ್ಲ.

ಮೊದಲು ಸುರಕ್ಷತೆಯ ಮಾತು. ಅಭ್ಯಾಸದ ಕೋಣೆಯಲ್ಲಿ ಒಂದು ಪೆಲೆಟ್ಟೂ ಇರಕೂಡದು. ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಪೆಲೆಟ್ ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಾರೆ ನೋಡಿಕೊಂಡು, ಗಟ್ಟಿಯಾದ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯತ್ತ ಮಾತ್ರ ಗುರಿ ಹಿಡಿಯಬೇಕು. ಬಾಗಿಲು, ಕಿಟಕಿಗಳ ಕಡೆಗೆ ಬೇಡ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗಾಳಿ ಬಿಡದೆ ಟ್ರಿಗರನ್ನಷ್ಟೇ ಕೆಲಸ ಮಾಡಿಸುವ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲದೆ ಹೊಡೆದರೆ ಎದುರೊತ್ತಡವಿಲ್ಲದ ಪಿಸ್ಟನ್ ರಭಸದಿಂದ ಅಪ್ಪಳಿಸಿ ಹಾಳಾಗುತ್ತದೆ. ಅಂಥ ಪಿಸ್ತೂಲಿನಲ್ಲಿ ಈ ಅಭ್ಯಾಸ ಮಾಡಲೇಬಾರದು.

ಗುರಿಯ ಕಾಗದವನ್ನು ಅಂಟಿಸಬೇಡಿ. ಸುಣ್ಣ ಬಳಿದ ಬರಿಯ ಗೋಡೆಯೇ ಸಾಕು, ಏಕೆಂದರೆ ಕಪ್ಪು ವೃತ್ತ ಎದುರಿಗಿದ್ದರೆ ಕಣ್ಣು ಸೈಟನ್ನು ಬಿಟ್ಟು ಅದರ ಹಿಂದೆ ಹೋಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಪರಸಿಯ ನೆಲವಿದ್ದರೆ ಒಂದು ಅನುಕೂಲವುಂಟು: ಎರಡು ಪರಸಿಗಳ ನಡುವಿನ ಗೆರೆಗೆ ಪಾದದ ತುದಿ ತಾಗಿಸಿ ನಿಂತರೆ ನಿಲುವು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ.

ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವನ್ನು ಟ್ರಿಗರಿನ ಮೇಲಿಡಬೇಕು. ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ತಾಗಬಾರದು. ತಾಗಿದರೆ ಎಳೆತದ ಜೊತೆಗೆ ಪಿಸ್ತೂಲೂ ತಿರುಗುತ್ತದೆ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಎರಡು ಹಂತದ ಟ್ರಿಗರಿನಲ್ಲಿ ಮೊದಲ ಹಂತ ಸಲೀಸಾಗಿ ಹಿಂದೆ ಬಂದು ಒಂದು ಕಡೆ ತಡೆಯುತ್ತದೆ. ತೋಳು ಗುರಿಯ ಜಾಗಕ್ಕೆ ಇಳಿಯುತ್ತಿರುವಾಗಲೇ ಈ ಹಂತವನ್ನು ಮುಗಿಸಿ, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಮುಂದಿನ ಸೈಟಿನ ಮೇಲಂಚು ಚೂಪಾಗಿ ಕಾಣುವಾಗ ಒತ್ತಡವನ್ನು ನೇರ ಹಿಂದಕ್ಕೆ, ಒಂದೇ ಸಮನೆ ಹೆಚ್ಚಿಸುತ್ತ ಹೋಗಬೇಕು. "ಈಗ" ಎಂದು ಮನಸ್ಸು ಅಪ್ಪಣೆ ಕೊಟ್ಟ ಕ್ಷಣವೇ ಬೆರಳು ಹೌಹಾರುತ್ತದೆ. ಬಲಗೈಯವರ ಸೈಟ್ ಆಗ ಸಾಮಾನ್ಯವಾಗಿ ಎಡಕ್ಕೂ ಕೆಳಕ್ಕೂ ಕುಸಿಯುತ್ತದೆ.

ಟಕ್ ಎಂಬ ಸದ್ದಾದ ಕ್ಷಣದಲ್ಲಿ ಸೈಟ್ ಏನು ಮಾಡಿತು ಎಂಬುದೇ ಇಡೀ ಅಭ್ಯಾಸದ ತಿರುಳು. ಸದ್ದಾದ ಮೇಲೂ ಒಂದೆರಡು ಸೆಕೆಂಡ್ ಟ್ರಿಗರನ್ನು ಒತ್ತಿಯೇ ಹಿಡಿದು, ಸೈಟ್ ಅಲುಗಿತೆ, ಯಾವ ಕಡೆಗೆ ಅಲುಗಿತು ಎಂದು ನೋಡಿ ವಹಿಯಲ್ಲಿ ಬರೆದಿಡುವುದು ಒಳ್ಳೆಯದು. ಹತ್ತು ಸೆಕೆಂಡ್ ಕಳೆದರೂ ಟ್ರಿಗರ್ ಬಿಡುಗಡೆಯಾಗದಿದ್ದರೆ ಹಟ ಹಿಡಿಯದೆ ಕೈ ಇಳಿಸಬೇಕು. ಇಳಿಸುವುದನ್ನು ಕಲಿಯದವರು ಸ್ಪರ್ಧೆಯಲ್ಲಿ ದಣಿದ ತೋಳಿನಿಂದಲೇ ಹೊಡೆಯುತ್ತಾರೆ. ತರಬೇತುದಾರರು ಇದನ್ನು ಎಷ್ಟು ಹೇಳಿದರೂ ಹುಡುಗರು ಕೇಳುವುದು ಕಡಿಮೆ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಅಂಗೈ ಬೆವರಿ ಗ್ರಿಪ್ ಜಾರುತ್ತದೆ, ಜಾರದಿರಲೆಂದು ಬಿಗಿ ಹಿಡಿದರೆ ತೋರುಬೆರಳೂ ಸೆಟೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಲೇಸು. ಫ್ಯಾನಿನ ಗಾಳಿ ನೇರವಾಗಿ ಕಣ್ಣಿಗೆ ಬಡಿಯದಂತೆಯೂ ನಿಲ್ಲಬೇಕು.

ಬರಿಯ ಗೋಡೆಯ ಮೇಲೆ ಸೈಟ್ ಅಲುಗದೆ ನಿಲ್ಲತೊಡಗಿದ ಮೇಲೆ ಸಣ್ಣ ಕಪ್ಪು ಚುಕ್ಕೆ ಅಂಟಿಸಬಹುದು. ಐದು ಮೀಟರ್ ದೂರಕ್ಕೆ ಮೂರು ಸೆಂಟಿಮೀಟರಿನ ಚುಕ್ಕೆ ಅಂಟಿಸಿದರೆ, ಹತ್ತು ಮೀಟರಿನಲ್ಲಿ 59.5 ಮಿಲಿಮೀಟರಿನ ಕಪ್ಪು ವೃತ್ತ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತದೆ. ಚುಕ್ಕೆ ಬಂದೊಡನೆ ಬೆರಳು ಮತ್ತೆ ಹೌಹಾರಿದರೆ ಅದನ್ನು ಕಿತ್ತು ಇನ್ನೊಂದು ವಾರ ಬರಿಯ ಗೋಡೆಗೇ ಮರಳಬೇಕು.