ಮಧ್ಯಮ ರೇಟಿನ ಸಿಗಾರ್ ಟೇಸ್ಟ್ ಮಾಡೋದು: ತಪ್ಪು ಎಲೆದೋ, ಸುತ್ತಿದೋರದ್ದೋ, ನಮ್ದೋ?

ಸಿಗಾರ್ ಸೇದಿ ಆದ್ಮೇಲೆ "ಚೆನ್ನಾಗಿತ್ತು", ಇಲ್ಲಾ "ಯಾಕೋ ಕಹಿ ಹೊಡೀತು" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಮಧ್ಯಮ ರೇಟಿನ ಬ್ಲೆಂಡಿಗೆ, ಅಂದ್ರೆ ಬೇರೆ ಬೇರೆ ಎಲೆ ಸೇರಿಸಿ ಮಾಡಿದ ಮಿಶ್ರಣಕ್ಕೆ, ಅಷ್ಟು ಸಾಲಲ್ಲ. ಈ ರೇಟಲ್ಲಿ ಎಲೆ ಚೆನ್ನಾಗಿದ್ರೂ ಸುತ್ತಿರೋದು ಸರಿ ಇಲ್ದೆ ಇರಬಹುದು, ಸುತ್ತಿರೋದು ಸರಿ ಇದ್ರೂ ನಾವು ಇಟ್ಕೊಂಡಿರೋ ರೀತಿ ಕೆಟ್ಟಿರಬಹುದು, ಆದ್ರೆ ಕೊನೆಗೆ ಬೈಸ್ಕೊಳ್ಳೋದು ಮಾತ್ರ ಬ್ಲೆಂಡು. ಹಾಗಾಗಿ ತಪ್ಪು ಯಾರದ್ದು ಅಂತ ಬೇರೆ ಮಾಡಿ ನೋಡೋದೇ ಇಲ್ಲಿ ಅಸಲಿ ಕೆಲಸ. ಅದಕ್ಕೆ ಒಂದೇ ಬ್ಲೆಂಡು, ಒಂದೇ ಸೈಜು, ಕಮ್ಮಿ ಅಂದ್ರೂ ಮೂರು ತಗೊಳ್ಳಿ. ನಂಗೆ ರೊಬುಸ್ಟೋ ಸರಿ ಹೋಗತ್ತೆ, ಸುಮಾರು 5 ಇಂಚು ಉದ್ದ, 50 ರಿಂಗ್ ಗೇಜ್, ಅಂದ್ರೆ ಒಂದಿಂಚನ್ನ 64 ಭಾಗ ಮಾಡಿದ್ರೆ ಅದ್ರಲ್ಲಿ 50 ಭಾಗ ದಪ್ಪ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರತ್ತೆ.

ತಂದ ತಕ್ಷಣ ಹಚ್ಚಬೇಡಿ. ಒಂದ್ಸಲ ನಾನು ಒಂದು ಬ್ಲೆಂಡ್ ತಂದು ಅವತ್ತೇ ಹಚ್ಚಿದೆ, ಮೂರು ಸಲ ಆರಿಹೋಯ್ತು, ಎಳೆದ್ರೆ ಬರೀ ಕಹಿ, ನೋಟ್ ಪುಸ್ತಕದಲ್ಲಿ "ದಂಡ" ಅಂತ ಬರೆದು ಉಳಿದಿದ್ದನ್ನ ಮೂಲೆಗೆ ಹಾಕ್ದೆ. ಮೂಲೆ ಅಂದ್ರೆ 65 ಪರ್ಸೆಂಟ್ ಹ್ಯುಮಿಡಿಟಿ ಪ್ಯಾಕ್ (ಒಳಗಿನ ಗಾಳಿಯ ತೇವ ಅಷ್ಟಕ್ಕೇ ನಿಲ್ಲಿಸೋ ಪೊಟ್ಟಣ) ಇಟ್ಟಿದ್ದ ಡಬ್ಬಿ. ಮೂರು ವಾರ ಬಿಟ್ಟು ಸುಮ್ನೆ ಇನ್ನೊಂದು ತೆಗ್ದು ಸೇದಿದ್ರೆ ಇದು ಅದೇನಾ ಅನ್ನೋ ಹಾಗಿತ್ತು. ಎಲೆಲಿ ತೇವ ಜಾಸ್ತಿ ಇತ್ತು, ಅಷ್ಟೇ ಕಥೆ. 65ರಿಂದ 70 ಪರ್ಸೆಂಟ್ ಒಳಗೆ ಒಂದೆರಡು ವಾರ ಇಡಿ, ಆಮೇಲೆ ಮಾತಾಡೋಣ.

ಇನ್ನು ಬ್ಲೆಂಡ್ ಅಂದ್ರೆ ಏನು ಅಂತ ಗೊತ್ತಿದ್ರೆ ನಾಲಿಗೆಗೆ ಏನು ಹುಡುಕಬೇಕು ಅಂತ ಗೊತ್ತಾಗತ್ತೆ. ಹೊರಗಡೆ ಕಾಣೋದು ರ‍್ಯಾಪರ್, ಅದರ ಕೆಳಗೆ ಹಿಡಿದಿಡೋ ಬೈಂಡರ್, ಒಳಗೆ ಫಿಲ್ಲರ್. ರ‍್ಯಾಪರ್ ಈಕ್ವೆಡಾರಲ್ಲಿ ಬೆಳೆದ ಕನೆಕ್ಟಿಕಟ್ ತಳಿದು, ಒಳಗಡೆ ನಿಕರಾಗುವಾದು, ಡೊಮಿನಿಕನ್ ರಿಪಬ್ಲಿಕ್‌ದು, ಹೀಗೆ ಮೂರ್ನಾಲ್ಕು ದೇಶದ ಎಲೆ ಒಂದೇ ಸಿಗಾರಲ್ಲಿ ಇರೋದು ಮಾಮೂಲು. ಫಿಲ್ಲರಲ್ಲೂ ಗಿಡದ ಮೇಲ್ಗಡೆ ಎಲೆ ಲಿಗೇರೋ, ದಪ್ಪ, ಖಡಕ್, ನಿಧಾನಕ್ಕೆ ಉರಿಯತ್ತೆ. ನಡುವಿನ ಸೆಕೋ ಘಮಕ್ಕೆ. ಕೆಳಗಿನ ವೊಲಾಡೋ ಬೆಂಕಿ ಹಿಡ್ಕೊಳ್ಳೋಕೆ. ಲಿಗೇರೋ ಸರಿಯಾಗಿ ಮಧ್ಯದಲ್ಲಿ ಕೂರಬೇಕು, ಒಂದು ಪಕ್ಕಕ್ಕೆ ಸರಿದ್ರೆ ಆ ಪಕ್ಕ ಉರಿಯೋದು ಹಿಂದೆ ಬೀಳತ್ತೆ, ಅದು ಸುತ್ತಿದೋರ ತಪ್ಪು, ಬ್ಲೆಂಡಿಂದಲ್ಲ.

ಹಚ್ಚೋಕೆ ಮುಂಚೆ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡ್ಕೊಂಡು ಈ ತುದಿಯಿಂದ ಆ ತುದಿವರೆಗೆ ಮೆಲ್ಲಗೆ ಒತ್ಕೊಂಡು ಹೋಗಿ. ಒಂದು ಕಡೆ ಗಟ್ಟಿ ಗಂಟು, ಇನ್ನೊಂದು ಕಡೆ ಮೆತ್ತಗೆ ಒಳಗೆ ಹೋದ್ರೆ ಈಗ್ಲೇ ಬರ್ಕೊಳ್ಳಿ, ಮುಂದೆ ತೊಂದ್ರೆ ಬಂದ್ರೆ ಅದೇ ಜಾಗದಲ್ಲಿ ಬರತ್ತೆ. ಹೊರಗಿನ ಎಲೆ ನರ ಸ್ವಲ್ಪ ಎದ್ದಿದ್ರೆ, ಬಣ್ಣ ಒಂದೊಂದು ಕಡೆ ಒಂದೊಂದು ಥರ ಇದ್ರೆ ತಲೆ ಕೆಡಿಸ್ಕೋಬೇಡಿ. ಚೆಂದದ ರ‍್ಯಾಪರಿಗೆ ಕಾಸು ಜಾಸ್ತಿ, ಈ ರೇಟಲ್ಲಿ ಆ ಕಾಸು ಒಳಗಿನ ಎಲೆಗೆ ಹೋಗಿದ್ರೆ ನಂಗಂತೂ ಖುಷಿನೇ. ಕ್ಯಾಪನ್ನ, ಅಂದ್ರೆ ಬಾಯಿಗಿಡೋ ತುದಿ ಮುಚ್ಚಿರೋ ಎಲೆ ಚೂರನ್ನ, ಸ್ವಲ್ಪವೇ ಕತ್ತರಿಸಿ, ಕೆಳಗೆ ಕತ್ತರಿಸಿದ್ರೆ ರ‍್ಯಾಪರ್ ಬಿಚ್ಕೊಂಡು ಬರತ್ತೆ. ಬೆಂಕಿ ಇಲ್ದೆ ಒಂದೆರಡು ಸಲ ಎಳೀರಿ, ಗಾಳಿ ಸಲೀಸಾಗಿ ಬರಬೇಕು, ಆದ್ರೆ ಖಾಲಿ ಕೊಳವೆ ಥರ ಅಲ್ಲ. ಹುಲ್ಲು, ಒಣಹಣ್ಣು, ಕೋಕೋ, ಕೊಟ್ಟಿಗೆ, ಏನು ಅನ್ಸತ್ತೋ ಅದೇ ಬರೀರಿ. ಅಮೋನಿಯಾ ಥರ ಮೂಗಿಗೆ ಚುರ್ ಅಂದ್ರೆ ಎಲೆ ಇನ್ನೂ ಹದಕ್ಕೆ ಬಂದಿಲ್ಲ ಅಂತ, ಇನ್ನೊಂದಷ್ಟು ತಿಂಗಳು ಇಟ್ಟು ನೋಡಿ.

ಹಚ್ಚೋವಾಗ ಬೆಂಕಿ ತಾಗಿಸಬೇಡಿ, ಜ್ವಾಲೆ ಸ್ವಲ್ಪ ಕೆಳಗಿರಲಿ, ಸಿಗಾರ್ ತಿರುಗಿಸ್ತಾ ಅಂಚು ಸುತ್ತ ಕೆಂಪಾಗೋವರೆಗೂ ಕಾಯಿಸಿ. ಮೊದಲ ಐದಾರು ಪಫ್ ಲೆಕ್ಕಕ್ಕೆ ಇಟ್ಕೋಬೇಡಿ. ಆಮೇಲೆ ನಿಮಿಷಕ್ಕೆ ಒಂದು ಪಫ್, ಅದಕ್ಕಿಂತ ಬೇಗ ಎಳೆದ್ರೆ ಎಂಥಾ ಒಳ್ಳೆ ಎಲೆನೂ ಸುಟ್ಟು ಕಹಿ ಆಗತ್ತೆ. ನಾನು ನೋಡಿರೋ "ಕಹಿ ಸಿಗಾರ್" ದೂರುಗಳಲ್ಲಿ ಅರ್ಧದಷ್ಟು ಈ ಅವಸರದ್ದೇ.

ಹೊಗೆ ಎದೆಗೆ ಇಳಿಸಬಾರದು, ಬಾಯಲ್ಲೇ ಇಟ್ಟು ಬಿಡಬೇಕು. (ಒಳಗೆ ಎಳ್ಕೊಳ್ಳಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ, ಬಾಯಿ ಗಂಟಲಿನ ಕ್ಯಾನ್ಸರ್ ಸಿಗಾರಿಂದಲೂ ಬರತ್ತೆ, ಸೇದದೇ ಇರೋರು ಇದಕ್ಕೋಸ್ಕರ ಶುರು ಮಾಡೋದೇನೂ ಬೇಡ.) ಐದಾರು ಪಫ್‌ಗೆ ಒಂದ್ಸಲ, ಬಾಯಲ್ಲಿರೋ ಹೊಗೆ ಮುಕ್ಕಾಲು ಬಿಟ್ಟು ಉಳಿದ ಚೂರನ್ನ ಮೂಗಿಂದ ಮೆಲ್ಲಗೆ ಹೊರಗೆ ಬಿಡಿ. ಮೊದಮೊದಲು ಕಣ್ಣಲ್ಲಿ ನೀರು ಬರತ್ತೆ, ಬಂದ್ರೂ ಇದನ್ನ ಬಿಡಬೇಡಿ, ರುಚಿ ಅಂತ ನಾವು ಅನ್ನೋದ್ರಲ್ಲಿ ಬಹುಪಾಲು ವಾಸನೆನೇ. ನಾಲಿಗೆಗೆ ಬರೀ "ಖಾರ" ಅನ್ಸಿದ್ದು ಮೂಗಲ್ಲಿ ಕರಿಮೆಣಸೋ, ದಾಲ್ಚಿನ್ನಿಯೋ ಅಂತ ಗೊತ್ತಾಗೋದು ಇಲ್ಲೇ.

ಮಾರ್ಕ್ಸ್ ಕೊಡೋದು ನಾನು ಮಧ್ಯದ ಭಾಗಕ್ಕೆ. ಮೊದಲ ಮೂರನೇ ಒಂದು ಭಾಗ ಹೇಗೋ ಚೆನ್ನಾಗೇ ಇರತ್ತೆ, ಕೊನೆ ಭಾಗದಲ್ಲಿ ಬಿಸಿ, ಟಾರ್ ಎಲ್ಲ ಸೇರಿ ಎಲ್ಲ ಸಿಗಾರೂ ಒರಟಾಗತ್ತೆ. ಬ್ಲೆಂಡ್ ಮಾಡಿದೋರ ಕೈಗುಣ ಕಾಣೋದು ನಡುವೆ: ರುಚಿ ಬದಲಾಗ್ತಿದ್ಯಾ, ಇಲ್ಲಾ ಹತ್ತನೇ ಪಫ್ಪೂ ಮೂವತ್ತನೇ ಪಫ್ಪೂ ಒಂದೇನಾ, ಬಿಟ್ಟ ಮೇಲೆ ಬಾಯಲ್ಲಿ ಏನು ಉಳೀತು, ಒಣಗತ್ತಾ, ಜೊಲ್ಲು ಬರತ್ತಾ. ಸ್ಟ್ರೆಂತೇ ಬೇರೆ, ರುಚಿನೇ ಬೇರೆ, ಇವೆರಡನ್ನ ಕಲಸಬೇಡಿ. ಸ್ಟ್ರೆಂತ್ ಅಂದ್ರೆ ನಿಕೋಟಿನ್, ಅದು ತಲೆಗೆ ಹೊಟ್ಟೆಗೆ ಗೊತ್ತಾಗತ್ತೆ. ಹೊಟ್ಟೆ ತುಂಬಿರಲಿ, ತಲೆ ಸುತ್ತಿ ಬೆವರು ಬಂದ್ರೆ ಕೆಳಗಿಟ್ಟು ಸ್ವಲ್ಪ ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ, ಅವತ್ತಿನ ಟೇಸ್ಟಿಂಗ್ ಮುಗೀತು.

ಬೂದಿ ಬಣ್ಣ ನೋಡಿ ಮಾರ್ಕ್ಸ್ ಹಾಕೋರಿದ್ದಾರೆ, ನಂಗೆ ಅದ್ರಲ್ಲಿ ನಂಬಿಕೆ ಇಲ್ಲ, ಬಣ್ಣ ಮಣ್ಣಿನ ಖನಿಜದ ವಿಷ್ಯ. ಬೂದಿ ಉದುರದೆ ನಿಲ್ಲೋದು ಮಾತ್ರ ನೋಡಿ. ಉದ್ದದ ಎಲೆ ತುಂಬಿದ್ರೆ ಒಂದಿಂಚಾದ್ರೂ ನಿಲ್ಲತ್ತೆ, ಚೂರು ಎಲೆ ಬೆರೆಸಿದ್ರೆ ಪುಡಿಪುಡಿಯಾಗಿ ಅಂಗಿ ಮೇಲೆ. ಚೂರು ಬೆರೆಸೋದು ತಪ್ಪಲ್ಲ, ಉದ್ದ ಎಲೆದು ಅಂತ ಹೇಳಿ ಮಾರಿದ್ರೆ ತಪ್ಪು.

ಎರಡನೇದು, ಮೂರನೇದನ್ನ ಬೇರೆ ಬೇರೆ ದಿನ ಸೇದಿ, ಹಳೇ ನೋಟ್ ನೋಡದೇ ಬರೀರಿ. ಆಮೇಲೆ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ: ಓರೆ ಉರಿ ಒಂದ್ರಲ್ಲಿ ಮಾತ್ರ ಇದ್ರೆ ಕ್ಷಮಿಸಿ, ಮೂರರಲ್ಲೂ ಡ್ರಾ (ಎಳೆದಾಗ ಹೊಗೆ ಬರೋ ಸಲೀಸು) ಬಿಗಿ ಇದ್ರೆ ಫ್ಯಾಕ್ಟರಿದೇ ಹಣೆಬರಹ ಅಥ್ವಾ ನಿಮ್ಮ ಡಬ್ಬಿ ಒದ್ದೆ ಇದೆ, ಮೊದ್ಲು ಡಬ್ಬಿ ಚೆಕ್ ಮಾಡಿ. ಉರಿ, ಡ್ರಾ ಎರಡೂ ಸರಿ ಇದ್ದು ಮೂರರಲ್ಲೂ ಮಧ್ಯದ ಭಾಗ ಸಪ್ಪೆ ಅಂದ್ರೆ ಆವಾಗ ಬ್ಲೆಂಡನ್ನ ಬೈಬಹುದು.